‘ಓಕೆ’ ಅನ್ನೋ ಪದ ಎಲ್ಲಿಂದ ಬಂತು? ಅದರ ನಿಜವಾದ ಅರ್ಥ ಏನು?

ಪದಕುತೂಹಲಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ದಿನಕ್ಕೆ ಎಷ್ಟು ಸಲ ‘ಓಕೆ’ ಅಂತೀವೋ ಲೆಕ್ಕವೇ ಇಲ್ಲ. ಫೋನ್ ಇಡುವಾಗ ಓಕೆ, ಮೆಸೇಜಿಗೆ ಉತ್ತರವಾಗಿ ಓಕೆ, ಕಂಪ್ಯೂಟರ್ ಏನಾದರೂ ಕೇಳಿದರೂ ಓಕೆ. ಆದರೆ ಇದರ ಪೂರ್ತಿ ರೂಪ ಏನು ಅಂತ ಕೇಳಿ ನೋಡಿ, ತಲೆಗೊಂದು ಉತ್ತರ ಬರುತ್ತದೆ.

ಒಬ್ಬರು ‘ಆಲ್ ಕರೆಕ್ಟ್’ ಅಂತಾರೆ. ಹಾಗಾದರೆ ಅದು ಎ.ಸಿ. ಆಗಬೇಕಿತ್ತು ಅಲ್ವಾ? ಇನ್ನೊಬ್ಬರು ಗ್ರೀಕ್ ಭಾಷೆಯ ‘ಓಲಾ ಕಲಾ’, ಅಂದರೆ ‘ಎಲ್ಲ ಚೆನ್ನಾಗಿದೆ’ ಅನ್ನೋದರಿಂದ ಬಂತು ಅಂತಾರೆ. ಅಮೆರಿಕದ ಮೂಲನಿವಾಸಿಗಳ ಭಾಷೆಯದು ಅನ್ನುವವರೂ ಇದ್ದಾರೆ.

ಇನ್ನೊಂದು ಅನುಮಾನ ಅರ್ಥದ ಬಗ್ಗೆ. ‘ಹೇಗಿತ್ತು?’ ಅಂತ ಕೇಳಿದಾಗ ಯಾರಾದರೂ ಬರೀ ‘ಓಕೆ’ ಅಂದರೆ ಚೆನ್ನಾಗಿತ್ತು ಅಂತಲೋ, ಅಷ್ಟಕ್ಕಷ್ಟೇ ಅಂತಲೋ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಂಜೆಮಲ್ಲಿಗೆ

ನಾನು ಕೇಳಿರುವುದು ಯುದ್ಧದ ಕಥೆ. ಅಮೆರಿಕದ ಅಂತರ್ಯುದ್ಧದಲ್ಲಿ ದಿನದ ಕೊನೆಗೆ ಎಷ್ಟು ಸೈನಿಕರು ಸತ್ತರು ಅಂತ ಹಲಗೆ ಮೇಲೆ ಬರೆಯುತ್ತಿದ್ದರಂತೆ. ಯಾರೂ ಸತ್ತಿಲ್ಲ ಅಂದರೆ ಸೊನ್ನೆ, ಅದರ ಪಕ್ಕ ‘ಕಿಲ್ಡ್’ ಅನ್ನೋದರ ಮೊದಲಕ್ಷರ ಕೆ. ಸೊನ್ನೆ ನೋಡಲು ಓ ಅಕ್ಷರದ ಹಾಗೇ ಇರುವುದರಿಂದ ‘ಓಕೆ’ ಆಯಿತು ಅಂತ. ತುಂಬಾ ಜನ ಇದನ್ನೇ ಹೇಳುತ್ತಾರೆ.

ಹಳೇಪತ್ರಿಕೆ

ಸಂಜೆಮಲ್ಲಿಗೆ ಅವರೇ, ಆ ಯುದ್ಧ ಶುರುವಾಗಿದ್ದು 1861ರಲ್ಲಿ. ಆ ಹೊತ್ತಿಗೆ ‘ಓಕೆ’ ಅಚ್ಚಾಗಿ 22 ವರ್ಷ ಆಗಿಹೋಗಿತ್ತು. ಹಾಗಾಗಿ ಆ ಕಥೆ ನಿಲ್ಲುವುದಿಲ್ಲ. ಮಗು ಹುಟ್ಟಿದ ಮೇಲೆ ಅಪ್ಪ ಅಮ್ಮನಿಗೆ ಮದುವೆ ನಿಶ್ಚಯ ಮಾಡಿದ ಹಾಗಾಯಿತು.

ಪದಕುತೂಹಲಿ ಅವರ ಪ್ರಶ್ನೆಗೆ ನೇರ ಉತ್ತರ ಇದೆ. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಎರಡನೇ ಪುಟ. ನಮಗೆ ಗೊತ್ತಿರುವ ಮಟ್ಟಿಗೆ ‘ಓಕೆ’ ಅಚ್ಚಾದ ಮೊದಲ ಜಾಗ ಅದೇ. ಅದನ್ನು ಹುಡುಕಿ ತೆಗೆದವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಆಲನ್ ವಾಕರ್ ರೀಡ್. 1963 ಮತ್ತು 1964ರಲ್ಲಿ ಅವರು ಇದರ ಬಗ್ಗೆ ಸಾಲು ಸಾಲು ಲೇಖನ ಬರೆದರು.

ಆ ಸುದ್ದಿಯಲ್ಲಿ ಏನಿತ್ತು ಅನ್ನೋದು ಮುಖ್ಯ. ಗಂಟೆ ಬಾರಿಸುವುದನ್ನು ವಿರೋಧಿಸುವವರ ಸಂಘ ಅಂತ ಬಾಸ್ಟನ್ನಿನಲ್ಲಿ ಒಂದು ತಮಾಷೆಯ ಗುಂಪು ಇತ್ತು. ಅದರ ಸದಸ್ಯರು ನ್ಯೂಯಾರ್ಕಿಗೆ ಹೊರಟಿದ್ದರು. ಪ್ರಾವಿಡೆನ್ಸ್ ಊರಿನ ಒಂದು ಪತ್ರಿಕೆ ಅವರು ನಮ್ಮೂರಿನ ಮೇಲೆ ಹಾದು ಹೋಗುತ್ತಾರೆ ಅಂತ ಬರೆಯಿತು. ಬಾಸ್ಟನ್ ಪತ್ರಿಕೆ ಅದನ್ನು ಅಲ್ಲಗಳೆಯಿತು. ಅವರು ‘ರಿಚ್ಮಂಡ್’ ಅನ್ನುವ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದರು, ನಾವು ಹೇಳಿದ್ದೂ ಅದನ್ನೇ ಅಂದಿತು. ಆಮೇಲೆ ಕಿಚಾಯಿಸುತ್ತಾ ಇನ್ನೊಂದು ಮಾತು ಸೇರಿಸಿತು. ಅವರಲ್ಲಿ ಒಬ್ಬರು ವಾಪಸ್ ಬರುವಾಗ ಪ್ರಾವಿಡೆನ್ಸ್ ಮೇಲೆ ಬಂದರೆ, ಆ ಪತ್ರಿಕೆಯವರು ಕಾಣಿಕೆ ಡಬ್ಬಿ ಮುಂತಾದ್ದನ್ನೆಲ್ಲ ‘ಓ.ಕೆ. — ಆಲ್ ಕರೆಕ್ಟ್’ ಅನ್ನುವ ಹಾಗೆ ಸಿದ್ಧ ಮಾಡಿ, ಬಾಟಲಿಗಳ ಬಿರಡೆ ಹಾರಿಸಿಯಾರು ಅಂತ.

ಗಮನಿಸಿ, ಸಂಪಾದಕರೇ ಪಕ್ಕದಲ್ಲಿ ಅರ್ಥವನ್ನೂ ಕೊಟ್ಟಿದ್ದಾರೆ. ಪದದ ಹುಟ್ಟು ಹುಡುಕುವವರಿಗೆ ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವುದು ಬಹಳ ಅಪರೂಪ.

ಪದಕುತೂಹಲಿ

ಅಂದರೆ ‘ಆಲ್ ಕರೆಕ್ಟ್’ ಅನ್ನೋದೇ ನಿಜ! ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಎ ಇರಬೇಕಾದ ಕಡೆ ಓ ಬಂದಿದೆ, ಸಿ ಇರಬೇಕಾದ ಕಡೆ ಕೆ ಬಂದಿದೆ. ಪತ್ರಿಕೆಯವರಿಗೆ ಕಾಗುಣಿತ ಬರುತ್ತಿರಲಿಲ್ಲವೇ?

ಹಳೇಪತ್ರಿಕೆ

ಚೆನ್ನಾಗಿ ಬರುತ್ತಿತ್ತು. ಬೇಕಂತಲೇ ತಪ್ಪು ಬರೆದರು. ಅದೇ ಆ ಕಾಲದ ತಮಾಷೆ.

1838ರ ಬೇಸಿಗೆ ಹೊತ್ತಿಗೆ ಬಾಸ್ಟನ್ನಿನ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು. ಏನು ಹೇಳಬೇಕಾದರೂ ಮೊದಲಕ್ಷರಗಳಲ್ಲಿ ಹೇಳುವುದು. ‘ನಮ್ಮ ಊರಿನ ಗಣ್ಯರು’ ಅನ್ನೋದಕ್ಕೂ ಮೂರಕ್ಷರ, ‘ಟೆಕ್ಸಸ್ಸಿಗೆ ಓಡಿಹೋದ’ ಅನ್ನೋದಕ್ಕೂ ಎರಡಕ್ಷರ. ಸ್ವಲ್ಪ ದಿನಕ್ಕೆ ಅದೂ ಸಪ್ಪೆ ಆಯಿತು. ಆಗ ಅದರ ಮೇಲೆ ಇನ್ನೊಂದು ತಿರುವು ಕೊಟ್ಟರು. ಓದು ಬರಹ ಅಷ್ಟಾಗಿ ಬಾರದ ಹಳ್ಳಿಯವನು ಕಿವಿಗೆ ಕೇಳಿದ ಹಾಗೆ ಬರೆದರೆ ಹೇಗಿರುತ್ತೆ, ಹಾಗೆ ಪದವನ್ನು ಮೊದಲು ಕೆಡಿಸುವುದು. ಆಮೇಲೆ ಆ ಕೆಟ್ಟ ರೂಪದ ಮೊದಲಕ್ಷರ ತೆಗೆದುಕೊಳ್ಳುವುದು.

‘ಆಲ್ ರೈಟ್’ ಅನ್ನೋದನ್ನು ಹೀಗೆ ಕೆಡಿಸಿ, ‘ಆಲ್’ ಅನ್ನು ಓ ಇಂದ, ‘ರೈಟ್’ ಅನ್ನು ಡಬ್ಲ್ಯು ಇಂದ ಬರೆದು, ಓ.ಡಬ್ಲ್ಯು. ಮಾಡಿದರು. ‘ನೋ ಯೂಸ್’ ಕೆ.ವೈ. ಆಯಿತು. ‘ನೋ ಗೋ’, ಅಂದರೆ ಇದು ನಡೆಯಲ್ಲ ಅನ್ನೋದು ಕೆ.ಜಿ. ಆಯಿತು. ಈ ಎರಡರಲ್ಲಿ ಕೆ ಹೇಗೆ ಬಂತು ಅಂದರೆ, ‘ತಿಳಿ’ ಅನ್ನುವ ಅರ್ಥದ ಇನ್ನೊಂದು ‘ನೋ’ ಇದೆಯಲ್ಲ, ಉಚ್ಚಾರ ಒಂದೇ ಆದರೂ ಬರೆಯುವಾಗ ಅದು ಕೆ ಇಂದ ಶುರುವಾಗುತ್ತದೆ. ಇದೇ ದಾರಿಯಲ್ಲಿ ‘ಆಲ್’ ಅನ್ನು ಓ ಇಂದ, ‘ಕರೆಕ್ಟ್’ ಅನ್ನು ಕೆ ಇಂದ ಬರೆದಾಗ ‘ಆಲ್ ಕರೆಕ್ಟ್’ ಓ.ಕೆ. ಆಯಿತು.

‘ಓಕೆ’ಯನ್ನು ಒಂಟಿಯಾಗಿ ನೋಡಿದರೆ ‘ಆಲ್ ಕರೆಕ್ಟ್’ ವಿವರಣೆ ಎಳೆದು ತಂದ ಹಾಗೆ ಕಾಣುತ್ತದೆ. ಅದರ ಒಡಹುಟ್ಟುಗಳ ಜೊತೆ ನಿಲ್ಲಿಸಿ ನೋಡಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ರೀಡ್ ಅವರ ದೊಡ್ಡ ಕೆಲಸ ಇದೇ. ಒಂದು ಪದದ ಬೆನ್ನು ಹತ್ತದೆ, ಆ ಇಡೀ ಹವಾ ಹೇಗಿತ್ತು ಅಂತ ಪತ್ರಿಕೆಗಳಿಂದಲೇ ತೋರಿಸಿದರು.

ಸಂಜೆಮಲ್ಲಿಗೆ

ಸರಿ, ಒಪ್ಪೋಣ. ಆದರೆ ಕೆ.ವೈ., ಕೆ.ಜಿ., ಓ.ಡಬ್ಲ್ಯು. ಎಲ್ಲ ಎಲ್ಲಿ ಹೋದವು? ಅವು ಸತ್ತು ಇದೊಂದೇ ಬದುಕಿದ್ದು ಹೇಗೆ?

ಇತಿಹಾಸದ ಮೇಷ್ಟ್ರು

ಒಳ್ಳೆ ಪ್ರಶ್ನೆ. ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ಚುನಾವಣೆಯ ಕಥೆ.

1840ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಮಾರ್ಟಿನ್ ವ್ಯಾನ್ ಬ್ಯೂರನ್. ಎರಡನೇ ಸಲ ಗೆಲ್ಲಲು ನಿಂತಿದ್ದರು. ಅವರು ಹುಟ್ಟಿದ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಡಚ್ ಮೂಲದವರ ಊರು, ಅವರ ಮನೆಮಾತೂ ಡಚ್. ಇಂಗ್ಲಿಷ್ ತಾಯ್ನುಡಿ ಅಲ್ಲದ ಅಮೆರಿಕದ ಅಧ್ಯಕ್ಷರು ಅವರೊಬ್ಬರೇ. ಅವರನ್ನು ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಅಂತ ಕರೆಯುತ್ತಿದ್ದರು. ಮೊದಲಕ್ಷರ ನೋಡಿ, ಓ ಮತ್ತು ಕೆ!

ಆಗ ಜನರ ಬಾಯಲ್ಲಿ ಓಡಾಡುತ್ತಿದ್ದ ‘ಓಕೆ’ಗೂ ಈ ಹೆಸರಿಗೂ ತಾಳೆ ಆಯಿತು. ನ್ಯೂಯಾರ್ಕಿನಲ್ಲಿ ಅವರ ಪಕ್ಷದ ಹುಡುಗರು ‘ಓ.ಕೆ. ಕ್ಲಬ್’ ಕಟ್ಟಿದರು. 1840ರ ಮಾರ್ಚ್ ಕೊನೆಯಲ್ಲಿ ಎದುರು ಪಕ್ಷವಾದ ವಿಗ್ ಪಕ್ಷದ ಸಭೆಗೆ ಓ.ಕೆ. ಅಂತ ಕೂಗುತ್ತಾ ನುಗ್ಗಿ ಗಲಾಟೆ ಮಾಡಿದರು. ಮಾರನೇ ದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಪದಕ್ಕೆ ಪ್ರಚಾರ ಬೇಕೇ?

ವಿಗ್ ಪಕ್ಷದವರೂ ಸುಮ್ನೆ ಕೂರಲಿಲ್ಲ. ಆ ಎರಡಕ್ಷರವನ್ನೇ ತಿರುಗಿಸಿ ಹೊಡೆದರು. ‘ಔಟ್ ಆಫ್ ಕ್ಯಾಶ್’, ‘ಔಟ್ ಆಫ್ ಕ್ರೆಡಿಟ್’ ಅನ್ನುವುದನ್ನು ಕೆ ಹಾಕಿ ಬರೆದು, ಓ.ಕೆ. ಅಂದರೆ ದುಡ್ಡೂ ಇಲ್ಲ, ಸಾಲವೂ ಹುಟ್ಟಲ್ಲ ಅಂತ ಅಣಕಿಸಿದರು. 1837ರಿಂದ ದೇಶ ಹಣದ ಬಿಕ್ಕಟ್ಟಿನಲ್ಲಿ ಇತ್ತು, ಜನ ಸರ್ಕಾರದ ಮೇಲೆ ಸಿಟ್ಟಾಗಿದ್ದರು. ಆ ಅಣಕ ಸರಿಯಾಗಿ ತಾಗಿತು. ವ್ಯಾನ್ ಬ್ಯೂರನ್ ಸೋತರು, ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದರು.

ಇನ್ನೊಂದು ಕಥೆಯನ್ನೂ ವಿರೋಧಿಗಳು ಅದೇ ವರ್ಷ ಹಬ್ಬಿಸಿದರು. ವ್ಯಾನ್ ಬ್ಯೂರನ್‌ಗಿಂತ ಮುಂಚೆ ಅಧ್ಯಕ್ಷರಾಗಿದ್ದ ಆ್ಯಂಡ್ರೂ ಜಾಕ್ಸನ್‌ಗೆ ಕಾಗುಣಿತ ಬರುತ್ತಿರಲಿಲ್ಲ, ಕಾಗದಪತ್ರ ಒಪ್ಪಿಗೆ ಆದಾಗ ‘ಆಲ್ ಕರೆಕ್ಟ್’ ಅನ್ನೋದನ್ನು ತಪ್ಪಾಗಿ ಓ.ಕೆ. ಅಂತ ಗುರುತು ಹಾಕುತ್ತಿದ್ದರು ಅಂತ. ಇದು ಶುದ್ಧ ಕಟ್ಟುಕಥೆ. ಆದರೆ ಪದದ ಬದುಕಿಗೆ ಇದರಿಂದ ಆದ ಉಪಕಾರ ದೊಡ್ಡದು ಅಂತ ನನ್ನ ಅಭಿಪ್ರಾಯ. ಕಥೆ ಸುಳ್ಳಾದರೂ, ಕಾಗದದ ಮೇಲೆ ಓ.ಕೆ. ಅಂತ ಬರೆದರೆ ‘ನೋಡಿದ್ದೇನೆ, ಒಪ್ಪಿದ್ದೇನೆ’ ಅಂತ ಅರ್ಥ ಅನ್ನೋದು ಜನರ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ನಿಜವಾಗಿಯೂ ಹಾಗೆ ಬರೆಯಲು ಶುರು ಮಾಡಿದರು. ಚುನಾವಣೆ ಮುಗಿದ ಮೇಲೂ ಈ ಪದಕ್ಕೆ ಒಂದು ಉದ್ಯೋಗ ಸಿಕ್ಕಿತ್ತು. ಕೆ.ವೈ., ಕೆ.ಜಿ.ಗಳಿಗೆ ಅದು ಸಿಗಲಿಲ್ಲ.

ನದೀತೀರ

ಇಷ್ಟು ಬೇಗ ತೀರ್ಪು ಕೊಡಬೇಡಿ. ಚಾಕ್ಟಾ ಭಾಷೆಯ ಮಾತು ಯಾರೂ ಎತ್ತಲಿಲ್ಲ.

ಚಾಕ್ಟಾ ಅಮೆರಿಕದ ಆಗ್ನೇಯ ಭಾಗದ ಮೂಲನಿವಾಸಿಗಳ ಭಾಷೆ. ಅದರಲ್ಲಿ ವಾಕ್ಯದ ಕೊನೆಗೆ ಸೇರುವ ‘ಓಕೆ’ ಅನ್ನುವಂಥ ರೂಪ ಇದೆ. ‘ಇದು ಹೀಗೇ’ ಅಂತ ಒತ್ತಿ ಹೇಳುವುದಕ್ಕೆ ಬಳಸುತ್ತಾರೆ. ಮಿಷನರಿಗಳು 19ನೇ ಶತಮಾನದ ಮೊದಲ ಭಾಗದಲ್ಲೇ ಅಚ್ಚು ಹಾಕಿದ ಚಾಕ್ಟಾ ಪುಸ್ತಕಗಳಲ್ಲಿ ಇದು ಸಿಗುತ್ತದೆ. ಅಷ್ಟೇ ಅಲ್ಲ, ಆ ಪ್ರದೇಶದಲ್ಲಿ ಬೇರೆ ಬೇರೆ ಬುಡಕಟ್ಟಿನವರೂ ಬಿಳಿಯ ವ್ಯಾಪಾರಿಗಳೂ ಸೇರಿ ಆಡುತ್ತಿದ್ದ ಮೊಬಿಲಿಯನ್ ಅನ್ನುವ ವ್ಯಾಪಾರದ ಮಾತೂ ಇತ್ತು. ಅದರ ಪದಗಳಲ್ಲಿ ಹೆಚ್ಚಿನವು ಚಾಕ್ಟಾ ಮತ್ತು ಅದರ ಹತ್ತಿರದ ಭಾಷೆಗಳಿಂದ ಬಂದವು. ಪದ ದಾಟಿ ಬರಲು ಸೇತುವೆ ಇತ್ತು ಅಂತಾಯಿತು.

1913ರಿಂದ 1921ರವರೆಗೆ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಈ ಮೂಲವನ್ನೇ ನಂಬಿದ್ದರು. ಕಡತಗಳ ಮೇಲೆ ಅವರು ಓ, ಕೆ, ಇ, ಎಚ್ ಅಂತ ನಾಲ್ಕಕ್ಷರ ಹಾಕಿ ಒಪ್ಪಿಗೆ ಬರೆಯುತ್ತಿದ್ದರು. 20ನೇ ಶತಮಾನದ ಮೊದಲ ಭಾಗದ ಅಮೆರಿಕನ್ ನಿಘಂಟಿನಲ್ಲೂ ಈ ಮೂಲ ಕಾಣಿಸಿಕೊಂಡಿತ್ತು. ಪತ್ರಿಕೆಯಲ್ಲಿ ಅಚ್ಚಾದದ್ದೇ ಪದದ ಹುಟ್ಟು ಅಂತ ಯಾಕೆ ತಿಳಿಯಬೇಕು? ಜನರ ಬಾಯಲ್ಲಿ ಅದಕ್ಕಿಂತ ಮೊದಲೇ ಇದ್ದಿರಬಹುದಲ್ಲ?

ಹಳೇಪತ್ರಿಕೆ

ನದೀತೀರ ಅವರೇ, ನೀವು ಹೇಳಿದ ಚಾಕ್ಟಾ ರೂಪ ನಿಜವಾದದ್ದು. ಅಚ್ಚಿಗೆ ಬರುವ ಮೊದಲು ಪದ ಬಾಯಲ್ಲಿ ಇರುತ್ತದೆ ಅನ್ನುವುದೂ ಸಾಮಾನ್ಯವಾಗಿ ಸರಿ. ಆದರೆ ಇಲ್ಲಿ ಎರಡು ಅಡ್ಡಿ ಇವೆ.

ಚಾಕ್ಟಾ ನಾಡು ಇದ್ದದ್ದು ಮಿಸಿಸಿಪ್ಪಿ ಕಡೆ. ಅಲ್ಲಿಂದ ಪದ ಇಂಗ್ಲಿಷಿಗೆ ಬಂದಿದ್ದರೆ ಮೊದಲು ದಕ್ಷಿಣದ ಪತ್ರ, ದಿನಚರಿ, ವ್ಯಾಪಾರದ ಲೆಕ್ಕಗಳಲ್ಲಿ ಕಾಣಿಸಬೇಕು. ಆಮೇಲೆ ನಿಧಾನವಾಗಿ ಉತ್ತರಕ್ಕೆ ಹರಡಬೇಕು. ಸಿಕ್ಕಿರುವ ದಾಖಲೆ ತದ್ವಿರುದ್ಧ. ಮೊದಲು ಬಾಸ್ಟನ್, ಆಮೇಲೆ ನ್ಯೂಯಾರ್ಕ್ ಮುಂತಾದ ಕಡೆ.

ಇನ್ನೊಂದು, ಮೊದಮೊದಲು ಬಳಸಿದವರು ಅದನ್ನು ಯಾವಾಗಲೂ ಎರಡು ಅಕ್ಷರ, ಎರಡು ಚುಕ್ಕೆಗಳ ಜೊತೆಗೇ ಬರೆದರು. ಪಕ್ಕದಲ್ಲಿ ‘ಆಲ್ ಕರೆಕ್ಟ್’ ಅಂತ ಬಿಡಿಸಿಯೂ ಹೇಳಿದರು. ಕಿವಿಗೆ ಬಿದ್ದ ಪರಭಾಷೆಯ ಪದವನ್ನು ಯಾರೂ ಹಾಗೆ ಬರೆಯುವುದಿಲ್ಲ.

ಹಳೆಯ ಸಾಕ್ಷಿ ಅಂತ ತೋರಿಸುವ ಕಾಗದಗಳೂ ಪರೀಕ್ಷೆಯಲ್ಲಿ ಬಿದ್ದುಹೋದವು. ಟೆನೆಸಿಯಲ್ಲಿ 1790ರ ನ್ಯಾಯಾಲಯದ ದಾಖಲೆಯೊಂದಿದೆ. ಆ್ಯಂಡ್ರೂ ಜಾಕ್ಸನ್ ಹೆಸರೂ ಅದರಲ್ಲಿ ಬರುತ್ತದೆ. ಅದರಲ್ಲಿ ಓ.ಕೆ. ಇದೆ ಅಂತ ಬಹಳ ಕಾಲ ನಂಬಿದ್ದರು. ಕೈಬರಹವನ್ನು ಸರಿಯಾಗಿ ನೋಡಿದಾಗ ಅದು ಓ.ಆರ್. ಅಂತ ಗೊತ್ತಾಯಿತು. ‘ಆದೇಶ ದಾಖಲಾಗಿದೆ’ ಅನ್ನೋದರ ಗುರುತು ಅದು. ಮಸಿಯ ಒಂದು ಕಾಲು ಸ್ವಲ್ಪ ಆಚೀಚೆ ಹೋದರೆ ಆರ್ ಮತ್ತು ಕೆ ಒಂದೇ ಥರ ಕಾಣುತ್ತವೆ.

ನಿಮ್ಮ ಕಡೆಯೂ ಒಂದು ಮಾತು ಹೇಳಬೇಕು. ಒಕ್ಲಹೋಮ ರಾಜ್ಯದ ಹೆಸರು ಖಂಡಿತ ಚಾಕ್ಟಾ. ‘ಒಕ್ಲ’ ಅಂದರೆ ಜನ, ‘ಹುಮ್ಮ’ ಅಂದರೆ ಕೆಂಪು. 1866ರಲ್ಲಿ ಚಾಕ್ಟಾ ನಾಯಕ ಆಲನ್ ರೈಟ್ ಆ ಹೆಸರನ್ನು ಸೂಚಿಸಿದರು. ಆ ರಾಜ್ಯದ ಅಂಚೆ ಗುರುತು ಓ ಮತ್ತು ಕೆ ಅನ್ನುವುದು ಮಾತ್ರ ಕಾಕತಾಳೀಯ.

ನದೀತೀರ

ಒಕ್ಲಹೋಮ ವಿಷಯಕ್ಕೆ ಧನ್ಯವಾದ. ಆದರೂ ನನ್ನ ಅನಿಸಿಕೆ ಹೇಳುತ್ತೇನೆ. ಬರೆಯುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರ ಪದಗಳು ಮಾತ್ರ ದಾಖಲಾಗಿವೆ. ಚಾಕ್ಟಾ ಜನರನ್ನು 1830ರ ದಶಕದಲ್ಲಿ ಅವರ ನೆಲದಿಂದಲೇ ಎಬ್ಬಿಸಿ ಕಳಿಸಿದರು. ಅವರ ಜೊತೆ ಆಡಿದ ಮಾತನ್ನು ಯಾವ ಪತ್ರಿಕೆ ಅಚ್ಚು ಹಾಕುತ್ತಿತ್ತು? ಇದನ್ನು ಮನಸ್ಸಲ್ಲಿ ಇಟ್ಟುಕೊಂಡೇ ದಾಖಲೆಗಳನ್ನು ಓದಬೇಕು.

ಕಡಲಾಚೆ

ನದೀತೀರ ಅವರ ಈ ಮಾತು ಆಫ್ರಿಕಾದ ವಾದಕ್ಕೂ ಹೊಂದುತ್ತದೆ. ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯಲ್ಲಿ ‘ವಾವ್’ ಅಂದರೆ ಹೌದು. ಅದಕ್ಕೆ ‘ಕೇ’ ಸೇರಿಸಿದರೆ ‘ಹೌದು ಹೌದು, ಖಂಡಿತ’ ಅನ್ನುವ ಒತ್ತು ಬರುತ್ತದೆ. ಡೇವಿಡ್ ಡಾಲ್ಬಿ ಅನ್ನುವ ಬ್ರಿಟಿಷ್ ವಿದ್ವಾಂಸರು ಈ ವಾದ ಮುಂದಿಟ್ಟರು. ಗುಲಾಮರಾಗಿ ಬಂದವರಲ್ಲಿ ವೊಲೊಫ್ ಮಾತಾಡುವವರೂ ಇದ್ದರಲ್ಲ.

ಒಂದು ದಾಖಲೆಯೂ ಇದೆ. 1784ರಲ್ಲಿ ಪ್ರಕಟವಾದ ಅಮೆರಿಕ ಪ್ರವಾಸದ ಪುಸ್ತಕವೊಂದರಲ್ಲಿ ಉತ್ತರ ಕೆರೊಲಿನಾದ ಕಪ್ಪು ಗುಲಾಮನೊಬ್ಬನ ಮಾತನ್ನು ಇದ್ದ ಹಾಗೇ ಬರೆದಿದ್ದಾರೆ. ಅವನ ಮಾತು ‘ಕೇ, ಒಡೆಯಾ’ ಅಂತಲೇ ಶುರುವಾಗುತ್ತದೆ. ಬಾಸ್ಟನ್ ಪತ್ರಿಕೆಗಿಂತ 55 ವರ್ಷ ಹಿಂದೆ!

ನಿಘಂಟುಮನೆ

ಆ ಭಾಗವನ್ನು ಪೂರ್ತಿ ಓದಬೇಕು ಕಡಲಾಚೆ ಅವರೇ. ಒಡೆಯ ಅವನನ್ನು ದೋಣಿಯಲ್ಲಿ ಬಿಟ್ಟು ಹೋಗಿದ್ದ. ಅವನು ಹೇಳುವುದು ಇದು: ನೀವು ನನ್ನನ್ನು ಬಿಟ್ಟು ಹೋದಿರಿ, ನಾನು ಇಲ್ಲಿ ಕೂತಿದ್ದೆ, ದೊಡ್ಡ ಮೀನು ತಾನಾಗಿಯೇ ದೋಣಿಯೊಳಗೆ ಹಾರಿತು ಅಂತ. ಇಲ್ಲಿ ‘ಕೇ’ ಅನ್ನೋದು ನಾವು ‘ಅಯ್ಯೋ’, ‘ಅಲ್ಲಾ ಸ್ವಾಮಿ’ ಅಂತ ಮಾತು ಶುರು ಮಾಡುವ ಹಾಗೆ ಬಂದಿರುವ ಉದ್ಗಾರ. ‘ಸರಿ’ ಅನ್ನುವ ಅರ್ಥ ಇಟ್ಟು ನೋಡಿದರೆ ಮಾತು ಕೂಡುವುದಿಲ್ಲ. ಓ ಅಂತೂ ಇಲ್ಲವೇ ಇಲ್ಲ.

ನನಗೆ ತೋಚುವುದು ಹೀಗೆ. ‘ಓಕೆ’ ಬಾಸ್ಟನ್ನಿನಲ್ಲೇ ಹುಟ್ಟಿತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದು ಅಮೆರಿಕದ ಉದ್ದಗಲಕ್ಕೂ ಸಲೀಸಾಗಿ ಹರಡಲು, ಅದೇ ಥರದ ಸದ್ದು ಹಲವು ಜನರ ಕಿವಿಗೆ ಮೊದಲೇ ಪರಿಚಯ ಇದ್ದದ್ದು ಸಹಾಯ ಮಾಡಿರಬಹುದು. ಒಂದು ಸ್ವರ, ಒಂದು ವ್ಯಂಜನ, ಮತ್ತೆ ಸ್ವರ. ಯಾವ ಭಾಷೆಯವರಿಗೂ ನಾಲಿಗೆ ತೊಡರುವುದಿಲ್ಲ. ಇದೇ ಕಾರಣಕ್ಕೆ ಎಲ್ಲರಿಗೂ ‘ಇದು ನಮ್ಮದೇ ಪದ’ ಅನಿಸುವುದು. ಗ್ರೀಕರಿಗೆ ಓಲಾ ಕಲಾ, ಫಿನ್ಲೆಂಡಿನವರಿಗೆ ‘ಸರಿ’ ಅನ್ನುವ ಅರ್ಥದ ‘ಓಯ್ಕೆಯಾ’, ಸ್ಕಾಟ್ಲೆಂಡಿನವರಿಗೆ ‘ಓಖ್ ಐ’. ರೈಲ್ವೆ ಗುಮಾಸ್ತರೊಬ್ಬರ ಹೆಸರಿನ ಮೊದಲಕ್ಷರ, ಬಿಸ್ಕತ್ತಿನ ಮೇಲಿನ ಮುದ್ರೆ, ಇಂಥವೂ ಇವೆ. ಇವುಗಳ ಹಿಂದೆ ತಾರೀಖು ಹಾಕಿದ ಹಳೆಯ ಕಾಗದ ಒಂದೂ ಇಲ್ಲ. ಸದ್ದು ಹೊಂದಿತು ಅನ್ನೋದಷ್ಟೇ ಆಧಾರ.

ಕೋಡುಬಳಗ

ಹುಟ್ಟಿನ ಚರ್ಚೆ ಚೆನ್ನಾಗಿ ನಡೆದಿದೆ. ಬಳಕೆ ಹೇಗೆ ಬೆಳೆಯಿತು ಅನ್ನೋದರಲ್ಲಿ ಯಂತ್ರಗಳ ಪಾತ್ರ ಯಾರೂ ಹೇಳಲಿಲ್ಲ. ಮೊದಲನೆಯದು ಟೆಲಿಗ್ರಾಫ್. ಮೋರ್ಸ್ ಅವರ ಹೆಸರಾದ ಸಂದೇಶ 1844ರಲ್ಲಿ ಹೋಯಿತು. ತಂತಿಯ ಆ ತುದಿಯಲ್ಲಿ ಕೂತವರಿಗೆ ‘ಸಂದೇಶ ಪೂರ್ತಿ ಬಂತು’ ಅಂತ ಚಿಕ್ಕದಾಗಿ ಹೇಳಲು ಏನಾದರೂ ಬೇಕಿತ್ತು. ಓಕೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ರೈಲ್ವೆಯಲ್ಲೂ ಹಾಗೇ ಬಂತು.

ಕಂಪ್ಯೂಟರಿನ ಕಥೆ ಇನ್ನೂ ಸೊಗಸು. 1983ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್ ಕಂಪನಿಯ ‘ಲೀಸಾ’ ಕಂಪ್ಯೂಟರನ್ನು ತಯಾರಿಸುವಾಗ ಪರದೆಯ ಮೇಲೆ ಎರಡು ಗುಂಡಿ ಇಟ್ಟಿದ್ದರು. ಒಂದು ‘ಕ್ಯಾನ್ಸಲ್’, ಇನ್ನೊಂದು ‘ಡೂ ಇಟ್’, ಅಂದರೆ ಮಾಡು. ಹೊರಗಿನವರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ‘ಡೂ ಇಟ್’ ಒತ್ತಬೇಕಾದ ಕಡೆ ಜನ ‘ಕ್ಯಾನ್ಸಲ್’ ಒತ್ತುತ್ತಿದ್ದರು. ಯಾಕೆ ಅಂತ ತಿಳಿಯಲಿಲ್ಲ. ಕೊನೆಗೆ ಒಬ್ಬರು ರೇಗಿ, ‘ನಾನೇನು ದಡ್ಡ ಅಲ್ಲ, ಇದ್ಯಾಕೆ ನನ್ನನ್ನು ದಡ್ಡ ಅನ್ನುತ್ತೆ?’ ಅಂತ ಕೇಳಿದರು. ಆಗ ಗೊತ್ತಾಯಿತು. ಆ ಅಕ್ಷರ ಶೈಲಿಯಲ್ಲಿ ದೊಡ್ಡ ಐ ನೋಡಲು ಚಿಕ್ಕ ಎಲ್ ಥರ ಇತ್ತು. ಎರಡು ಪದಗಳ ನಡುವೆ ಜಾಗವೂ ಕಮ್ಮಿ. ‘ಡೂ ಇಟ್’ ಅನ್ನೋದು ‘ಡೋಲ್ಟ್’ ಅಂತ ಕಾಣುತ್ತಿತ್ತು. ಡೋಲ್ಟ್ ಅಂದರೆ ಇಂಗ್ಲಿಷಿನಲ್ಲಿ ಪೆದ್ದ! ಗುಂಡಿಯ ಮೇಲಿನ ಮಾತನ್ನು ‘ಓಕೆ’ ಅಂತ ಬದಲಿಸಿದರು. ತೊಂದರೆ ನಿಂತಿತು.

ವೆಬ್‌ನಲ್ಲೂ ಅದೇ. ಪುಟ ಸರಿಯಾಗಿ ಸಿಕ್ಕಿತು ಅಂತ ಸರ್ವರ್ ಹೇಳುವ ಉತ್ತರ ‘200 ಓಕೆ’. ನಾವು ಪುಟ ತೆರೆದಾಗ ಒಳಗೆ ಈ ಪದ ಓಡಾಡುವುದುಂಟು.

ಸಂಜೆಮಲ್ಲಿಗೆ

ಗಗನಯಾತ್ರಿಗಳು ‘ಎ-ಓಕೆ’ ಅಂತಾರಲ್ಲ, ಅದು?

ಇತಿಹಾಸದ ಮೇಷ್ಟ್ರು

1961ರ ಮೇ 5ರಂದು ಆಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋದರು. ಅಮೆರಿಕದಿಂದ ಹೋದ ಮೊದಲಿಗರು. ಆ ಹಾರಾಟದ ವಿವರವನ್ನು ಪತ್ರಕರ್ತರಿಗೆ ಹೇಳುತ್ತಿದ್ದವರು ನಾಸಾದ ಜಾನ್ ಪವರ್ಸ್. ಅವರು ‘ಎ-ಓಕೆ’ ಅಂದರು. ಜನ ಅದು ಶೆಪರ್ಡ್ ಅವರ ಮಾತು ಅಂತ ತಿಳಿದರು. ಆದರೆ ಹಾರಾಟದ ಸಂಭಾಷಣೆಯ ದಾಖಲೆಯಲ್ಲಿ ಶೆಪರ್ಡ್ ಬರೀ ‘ಓಕೆ’ ಅಂದಿದ್ದಾರೆ.

ಪಾಠಶಾಲೆ

ಪದಕುತೂಹಲಿ ಅವರ ಎರಡನೇ ಪ್ರಶ್ನೆ ಹಿಂದೆ ಬಿತ್ತು. ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಹೆಚ್ಚು ಗೊಂದಲ ಆಗುವುದು ಇಲ್ಲೇ.

‘ಓಕೆ’ಯ ಒಳತಿರುಳು ‘ಅಡ್ಡಿ ಇಲ್ಲ’ ಅನ್ನುವುದು. ಅದು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಕಾಗದದ ಮೇಲೆ ಓಕೆ ಅಂತ ಬರೆದ ಅಧಿಕಾರಿ ‘ಎಷ್ಟು ಚೆಂದ ಬರೆದಿದ್ದೀರಿ’ ಅಂತ ಹೇಳುತ್ತಿಲ್ಲ. ಮುಂದೆ ಹೋಗಬಹುದು ಅಂತಷ್ಟೇ ಹೇಳುತ್ತಿದ್ದಾರೆ. ಇದು ಹಿಡಿದರೆ ಉಳಿದ ಅರ್ಥಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಬಿದ್ದವರನ್ನು ‘ಆರ್ ಯೂ ಓಕೆ?’ ಅಂತ ಕೇಳುತ್ತೇವೆ. ಪೆಟ್ಟಾಗಿಲ್ಲ ತಾನೇ ಅಂತ. ಅಲ್ಲಿ ‘ಐ ಆ್ಯಮ್ ಓಕೆ’ ಅನ್ನುವ ಉತ್ತರ ನೆಮ್ಮದಿ ಕೊಡುತ್ತದೆ, ಏಕೆಂದರೆ ನಾವು ಕೆಟ್ಟದ್ದನ್ನು ಅಂಜಿದ್ದೆವು. ಅದೇ ಪದವನ್ನು, ಯಾರಾದರೂ ಆಸೆಯಿಂದ ‘ನನ್ನ ಹಾಡು ಹೇಗಿತ್ತು?’ ಅಂತ ಕೇಳಿದಾಗ ಹೇಳಿ. ಮುಖ ಬಾಡುತ್ತದೆ. ಅವರು ಒಳ್ಳೆಯ ಮಾತು ಕಾಯುತ್ತಿದ್ದರು, ನೀವು ‘ಅಡ್ಡಿ ಇಲ್ಲ’ ಅಂದಿರಿ. ಪದದ ಅರ್ಥ ಎರಡೂ ಕಡೆ ಒಂದೇ. ಕೇಳುವವರ ನಿರೀಕ್ಷೆ ಬೇರೆ.

ಆಮೇಲೆ ಮಾತಿನ ಹದ. ಉಪನ್ಯಾಸ ಶುರುವಾಗುವಾಗ ‘ಓಕೆ’ ಅಂದರೆ ಗಲಾಟೆ ನಿಲ್ಲಿಸಿ, ಶುರು ಮಾಡೋಣ ಅಂತ. ಫೋನ್ ಮಾತಿನ ನಡುವೆ ಎಳೆದು ‘ಓಕೇ...’ ಅಂದರೆ ಮುಗಿಸೋಣವೇ ಅಂತ. ಕೊನೆಯಲ್ಲಿ ದನಿ ಏರಿಸಿ ‘ಓಕೆ?’ ಅಂದರೆ ಅರ್ಥ ಆಯಿತಾ, ಒಪ್ಪಿಗೆಯಾ ಅಂತ. ಕೇಳಿದ್ದು ನಂಬಲಾಗದಾಗ ನಿಧಾನವಾಗಿ ‘ಓ...ಕೆ’ ಅಂದರೆ ಅನುಮಾನ. ಒಪ್ಪಿಗೆ ಕೊಡುವುದು ಅನ್ನುವ ಕ್ರಿಯಾಪದವಾಗಿಯೂ ಇಂಗ್ಲಿಷಿನಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೇ ಬಂದಿತ್ತು.

ಒಂದು ಎಚ್ಚರಿಕೆ. ‘ಇಟ್ಸ್ ಓಕೆ’ ಅನ್ನೋದು ಎರಡು ಬೇರೆ ಕಡೆ ಬರುತ್ತದೆ. ಯಾರಾದರೂ ಕ್ಷಮೆ ಕೇಳಿದಾಗ ಅದು ‘ಪರವಾಗಿಲ್ಲ ಬಿಡಿ’. ಏನಾದರೂ ಕೊಡಲು ಬಂದಾಗ ನಯವಾಗಿ ‘ಬೇಡ’. ‘ಇನ್ನೂ ಸ್ವಲ್ಪ ಹಾಕಲಾ?’ ಅಂದಾಗ ‘ಇಟ್ಸ್ ಓಕೆ’ ಅಂದರೆ ಸಾಕು ಅಂತಲೇ ಅರ್ಥ. ಕಲಿಯುವವರು ಇದನ್ನು ಒಪ್ಪಿಗೆ ಅಂತ ತಿಳಿದು ಎಡವುತ್ತಾರೆ.

ಪದಕುತೂಹಲಿ

‘ಅಡ್ಡಿ ಇಲ್ಲ’ ಅನ್ನುವುದು ಸರಿಯಾಗಿ ಕೂತಿತು. ಮೆಸೇಜಿನಲ್ಲಿ ಬರೀ ‘ಕೆ’ ಅಂತ ಒಂದಕ್ಷರ ಕಳಿಸುತ್ತಾರಲ್ಲ, ಅದನ್ನು ನೋಡಿದರೆ ಸಿಟ್ಟಾಗಿದ್ದಾರೆ ಅನಿಸುತ್ತದೆ. ನನಗೊಬ್ಬನಿಗೇ ಹೀಗಾ?

ಪಾಠಶಾಲೆ

ನಿಮಗೊಬ್ಬರಿಗೇ ಅಲ್ಲ. ಎದುರು ಕೂತು ಮಾತಾಡುವಾಗ ದನಿ, ಮುಖ ಇರುತ್ತದೆ. ಬರಹದಲ್ಲಿ ಅಕ್ಷರ ಎಷ್ಟು ಖರ್ಚು ಮಾಡಿದಿರಿ ಅನ್ನೋದೇ ದನಿ ಆಗುತ್ತದೆ. ಉದ್ದವಾಗಿ ಬರೆದ ಮೆಸೇಜಿಗೆ ಒಂದೇ ಅಕ್ಷರದ ಉತ್ತರ ಬಂದರೆ ಬಾಗಿಲು ಹಾಕಿದ ಹಾಗೆ ಅನಿಸುವುದು ಸಹಜ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ. ಓಕೆ ಜೊತೆ ಇನ್ನೊಂದು ಮಾತು ಸೇರಿಸಿ. ‘ಓಕೆ, ನಾಳೆ ನೋಡ್ತೀನಿ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ನೀಲಿನೀರು

ಕೈ ಸನ್ನೆಯ ಬಗ್ಗೆ ನಾನೊಂದು ಸೇರಿಸುತ್ತೇನೆ. ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಿ ಉಳಿದ ಮೂರು ಬೆರಳು ಎತ್ತಿದರೆ ‘ಓಕೆ’. ಸ್ಕೂಬಾ ಡೈವಿಂಗ್ ಮಾಡುವವರಿಗೆ ಇದು ಪ್ರಾಣದ ಪ್ರಶ್ನೆ. ನೀರಿನೊಳಗೆ ‘ಚೆನ್ನಾಗಿದ್ದೀರಾ?’ ಅಂತ ಕೇಳುವುದೂ ಈ ಸನ್ನೆ, ‘ಚೆನ್ನಾಗಿದ್ದೇನೆ’ ಅಂತ ಉತ್ತರಿಸುವುದೂ ಇದೇ. ಅಲ್ಲಿ ಹೆಬ್ಬೆರಳು ಎತ್ತಿ ತೋರಿಸಬಾರದು. ಅದರ ಅರ್ಥ ‘ಮೇಲಕ್ಕೆ ಹೋಗೋಣ’ ಅಂತ. ಹೊಸಬರು ಖುಷಿಯಲ್ಲಿ ಹೆಬ್ಬೆರಳು ಎತ್ತಿದರೆ ಜೊತೆಗಾರರು ಡೈವ್ ಮುಗಿಸಿ ಮೇಲೇಳುತ್ತಾರೆ.

ನೆಲದ ಮೇಲೆ ಉಂಗುರದ ಸನ್ನೆ ಎಲ್ಲ ಕಡೆ ಒಂದೇ ಅಲ್ಲ. ಜಪಾನಿನಲ್ಲಿ ಅದು ದುಡ್ಡು, ಫ್ರಾನ್ಸಿನಲ್ಲಿ ಸೊನ್ನೆ ಅಂತಲೂ ಆಗುತ್ತದೆ. ಬ್ರೆಜಿಲ್‌ನಲ್ಲಿ ಅಸಭ್ಯ ಬೈಗುಳ. ಬಾಯಲ್ಲಿ ಹೇಳುವ ಓಕೆ ಎಲ್ಲ ಕಡೆ ನಡೆಯುತ್ತದೆ, ಕೈಯ ಓಕೆ ಮಾತ್ರ ಜೋಪಾನ.

ಸಂಜೆಮಲ್ಲಿಗೆ

ಕೊನೆಯದಾಗಿ ಒಂದು. ಇಂಗ್ಲಿಷಿನಲ್ಲಿ ಬರೆಯುವಾಗ ಎರಡೇ ಅಕ್ಷರ ಸಾಕೋ, ಚುಕ್ಕೆ ಇಡಬೇಕೋ, ಇಲ್ಲ ಓ-ಕೆ-ಎ-ವೈ ಅಂತ ನಾಲ್ಕೂ ಬರೆಯಬೇಕೋ? ಕಚೇರಿ ಪತ್ರದಲ್ಲಿ ಬಳಸಬಹುದಾ?

ನಿಘಂಟುಮನೆ

ಮೂರೂ ಚಾಲ್ತಿಯಲ್ಲಿವೆ, ಯಾವುದೂ ತಪ್ಪಲ್ಲ. ಚುಕ್ಕೆ ಇಟ್ಟದ್ದು ಹಳೆಯದು, ಈಗ ಕಮ್ಮಿ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಬರಹದ ನಿಯಮ ಎರಡು ದೊಡ್ಡಕ್ಷರಗಳನ್ನೇ ಬಳಸಿ ಅನ್ನುತ್ತದೆ. ಕಥೆ, ಕಾದಂಬರಿಗಳಲ್ಲಿ ನಾಲ್ಕಕ್ಷರದ ರೂಪ ಜಾಸ್ತಿ, ಏಕೆಂದರೆ ಸಾಲಿನ ನಡುವೆ ದೊಡ್ಡಕ್ಷರಗಳು ಕಣ್ಣಿಗೆ ಚುಚ್ಚುತ್ತವೆ. ಕ್ರಿಯಾಪದವಾಗಿ ಬಳಸುವಾಗಲೂ ನಾಲ್ಕಕ್ಷರದ್ದು ಸಲೀಸು. ಎರಡಕ್ಷರದ್ದಕ್ಕೆ ಭೂತಕಾಲದ ಪ್ರತ್ಯಯ ಸೇರಿಸಬೇಕಾದರೆ ನಡುವೆ ಮೇಲುಚುಕ್ಕೆ ಹಾಕಬೇಕಾಗುತ್ತದೆ, ನೋಡಲು ಒಡ್ಡೊಡ್ಡಾಗಿರುತ್ತದೆ. ಯಾವುದನ್ನೇ ಆರಿಸಿಕೊಂಡರೂ ಒಂದು ಬರಹದಲ್ಲಿ ಒಂದೇ ರೂಪ ಇರಲಿ.

ಕಚೇರಿಯ ಒಳಗಿನ ಮೇಲ್‌ಗಳಲ್ಲಿ ಧಾರಾಳವಾಗಿ ಬಳಸಿ. ಅರ್ಜಿ, ಒಪ್ಪಂದ, ದೂರು ಇಂಥದ್ದರಲ್ಲಿ ಬೇಡ. ಅಲ್ಲಿ ‘ಒಪ್ಪಿದ್ದೇನೆ’ ಅಂದರೆ ಏನನ್ನು ಒಪ್ಪಿದ್ದೀರಿ ಅಂತಲೂ ಬರೆಯಬೇಕು. ‘ಓಕೆ’ ಅಷ್ಟನ್ನು ಹೇಳುವುದಿಲ್ಲ.